ಪ್ರಾಣವಾಯುವೂ ಔಷಧವೇ

ಜೈನಸಿದ್ಧಾಂತವು ಜೀವಿಯ ಪ್ರಾಣಗಳನ್ನು ಹತ್ತೆಂದು ಎಣಿಸುತ್ತದೆ. ಐದು ಇಂದ್ರಿಯಗಳು, ಮನೋಬಲ, ವಚನಬಲ, ಕಾಯಬಲ, ಆಯುಸ್ಸು ಮತ್ತು ಶ್ವಾಸೋಚ್ಛ್ವಾಸ. ಕಣ್ಣು ಮಂಜಾದರೂ, ಕಿವಿ ಮಂದವಾದರೂ ಮನುಷ್ಯನು ವರ್ಷಗಟ್ಟಲೆ ಬಾಳುತ್ತಾನೆ. ಉಸಿರು ಕೆಲವೇ ನಿಮಿಷ ನಿಂತರೆ ಉಳಿದ ಒಂಬತ್ತೂ ಅದರ ಹಿಂದೆಯೇ ಹೊರಡುತ್ತವೆ. ಆದುದರಿಂದ ಉಸಿರಾಡಲು ಕಷ್ಟಪಡುವ ರೋಗಿಗೆ ಪ್ರಾಣವಾಯುವನ್ನು ಒದಗಿಸುವುದು ಚತುರ್ವಿಧ ದಾನಗಳಲ್ಲಿ ಔಷಧದಾನಕ್ಕೂ ಅಭಯದಾನಕ್ಕೂ ಏಕಕಾಲದಲ್ಲಿ ಸಲ್ಲುವ ಕಾರ್ಯವೆಂದರೆ ತಪ್ಪಾಗಲಾರದು. ಆದರೆ ಈ ದಾನಕ್ಕೆ ಒಂದು ನಿಬಂಧನೆಯುಂಟು. ಔಷಧವನ್ನು ವೈದ್ಯನು ಹೇಳಿದ ಪ್ರಮಾಣದಲ್ಲಿ ಕೊಟ್ಟಾಗ ಮಾತ್ರ ಅದು ಔಷಧ. ಹಿಂಸೆಯ ಮೂಲವನ್ನು ಪ್ರಮಾದದಲ್ಲಿ, ಎಂದರೆ ಎಚ್ಚರಗೇಡಿತನದಲ್ಲಿ ಕಂಡ ಜೈನಾಚಾರ್ಯರ ದೃಷ್ಟಿಗೆ ಇದು ಹೊಸ ಮಾತೇನಲ್ಲ. ಕೊಡುವವನ ಮನಸ್ಸು ನಿರ್ಮಲವಾಗಿದ್ದರೂ ಕೈ ಎಚ್ಚರ ತಪ್ಪಿದರೆ ಘಾತವಾಗುವುದು ಪ್ರಾಣಕ್ಕೇ.

ಈ ವಿಚಾರವನ್ನು ಪ್ರಸ್ತುತ ಎತ್ತಲು ಕಾರಣವಿದೆ. 2021ರ ಕೊರೊನಾ ಎರಡನೆಯ ಅಲೆಯಲ್ಲಿ ಅನೇಕ ಸಂಘಗಳೂ ಮಂದಿರಗಳ ಟ್ರಸ್ಟುಗಳೂ ಅನುಕೂಲಸ್ಥ ಮನೆತನಗಳೂ ಆಮ್ಲಜನಕದ ಕಾನ್ಸನ್‌ಟ್ರೇಟರ್ ಯಂತ್ರಗಳನ್ನು ಕೊಂಡವು. ಅಲೆ ಇಳಿಯಿತು, ಯಂತ್ರಗಳು ಉಳಿದವು. ಇಂದು ಅವು ಕೈಯಿಂದ ಕೈಗೆ ಹೋಗುತ್ತ, ವೃದ್ಧರ ಹಾಸಿಗೆಯ ಪಕ್ಕದಲ್ಲಿ ನಿಲ್ಲುತ್ತಿವೆ. ಯಂತ್ರದೊಡನೆ ಅದರ ಪ್ಲಗ್ಗು, ಕೊಳವೆ, ಸೀಸೆ ಎಲ್ಲವೂ ಹೋಗುತ್ತವೆ. ಎಷ್ಟು ಲೀಟರು, ಎಷ್ಟು ಹೊತ್ತು ಎಂದು ವೈದ್ಯರು ಬರೆದ ಚೀಟಿ ಮಾತ್ರ ಅನೇಕ ವೇಳೆ ಜೊತೆಗೆ ಹೋಗುವುದಿಲ್ಲ.

2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯೆನಿಸಿ, 2025ರಲ್ಲಿ ಬೆಂಗಳೂರು ದಕ್ಷಿಣ ಎಂಬ ಹೆಸರು ಪಡೆದ ಸೀಮೆಯಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ಹಳೆಯ ತಾಲ್ಲೂಕುಗಳಿವೆ. ಇಲ್ಲಿ ನರ್ಸಿಂಗ್ ಹೋಂ ಎಂದರೆ ಪಾಶ್ಚಾತ್ಯ ದೇಶಗಳಲ್ಲಿರುವಂತೆ ವೃದ್ಧರ ವಸತಿಗೃಹವಲ್ಲ. ಒಬ್ಬಿಬ್ಬರು ವೈದ್ಯರು ನಡೆಸುವ ಸಣ್ಣ ಖಾಸಗಿ ಆಸ್ಪತ್ರೆಗೇ ಆ ಹೆಸರು. ಇವು 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದ ಪ್ರಕಾರ ನೋಂದಣಿಯಾಗಬೇಕು. ಹಗಲಿನಲ್ಲಿ ವೈದ್ಯರು ಇರುತ್ತಾರೆ. ರಾತ್ರಿ ಹೊರೆಯೆಲ್ಲ ಬಹುಮಟ್ಟಿಗೆ ದಾದಿಯರ ಮೇಲೆಯೂ ರೋಗಿಯ ಕಡೆಯವರ ಮೇಲೆಯೂ ಬೀಳುತ್ತದೆ. ಈ ಸೀಮೆಯಲ್ಲಿ ಶ್ವಾಸಕೋಶದ ರೋಗಕ್ಕೆ ಕಾರಣಗಳಿಗೂ ಕೊರತೆಯಿಲ್ಲ. ಗೂಡು ಬೇಯಿಸಿ ನೂಲು ತೆಗೆಯುವ ಕೆಲಸ, ಬಣ್ಣದ ಗೊಂಬೆಗಳ ಕಡಚಲು ಕೊಠಡಿಯ ಮರದ ಧೂಳು, ಬೀಡಿ, ಎಲ್ಲಕ್ಕಿಂತ ಮಿಗಿಲಾಗಿ ದಶಕಗಳ ಕಾಲ ಹೆಂಗಸರು ಕುಡಿದ ಸೌದೆ ಒಲೆಯ ಹೊಗೆ.

ಚನ್ನಪಟ್ಟಣದ ಒಬ್ಬ ವರ್ತಕರ ತಾಯಿಯವರ ಪ್ರಸಂಗವನ್ನು ಇಲ್ಲಿ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಎಪ್ಪತ್ತೆಂಟು ದಾಟಿದ ಆಕೆ ಬೀಡಿ-ಸಿಗರೇಟಿನ ವಾಸನೆಯನ್ನೂ ಕಂಡವರಲ್ಲ. ಆದರೆ ಗ್ಯಾಸಿನ ಒಲೆ ಬರುವ ಮೊದಲು ಮೂವತ್ತು ವರ್ಷ ಅವಿಭಕ್ತ ಕುಟುಂಬಕ್ಕೆ ಸೌದೆಯಲ್ಲಿ ಅಡುಗೆ ಮಾಡಿದವರು. ಶ್ವಾಸನಾಳಗಳು ಕಿರಿದಾಗಿ, ಒಳಗಿನ ಗಾಳಿ ಪೂರ್ತಿಯಾಗಿ ಹೊರಬಾರದ ದೀರ್ಘಕಾಲದ ರೋಗ ಆಕೆಗಿತ್ತು. ಒಂದು ಚಳಿಗಾಲ ಕಫ ಹೆಚ್ಚಿ ನರ್ಸಿಂಗ್ ಹೋಮಿಗೆ ಸೇರಿಸಿದರು. ವೈದ್ಯರು ಕೇಸ್‌ಶೀಟಿನಲ್ಲಿ ಬರೆದ ಆದೇಶ ಚಿಕ್ಕದು: ಮೂಗಿನ ಕೊಳವೆಯಿಂದ ನಿಮಿಷಕ್ಕೆ 1 ಲೀಟರ್, ರಕ್ತದ ಆಮ್ಲಜನಕ ಪ್ರಮಾಣ ಶೇಕಡಾ 88ರಿಂದ 92ರೊಳಗೆ ಇರಲಿ, ಅದಕ್ಕಿಂತ ಕೆಳಗಿಳಿದರೂ ಮೇಲೇರಿದರೂ ತಿಳಿಸಿ.

ರಾತ್ರಿ ಎರಡು ಗಂಟೆಗೆ ಬೆರಳಿಗೆ ಸಿಕ್ಕಿಸಿದ ಯಂತ್ರದಲ್ಲಿ 89 ಎಂಬ ಅಂಕೆ ಕಂಡು ಮಗನ ಎದೆ ಝಲ್ಲೆಂದಿತು. ಕೊರೊನಾ ಕಾಲದಲ್ಲಿ ತೊಂಬತ್ನಾಲ್ಕರ ಕೆಳಗೆ ಬಂದರೆ ಅಪಾಯವೆಂಬ ಮಾತು ಮನೆಮನೆಗೂ ಬಾಯಿಪಾಠವಾಗಿತ್ತಲ್ಲ!

"ಸಿಸ್ಟರ್, ಇನ್ನೊಂದಿಷ್ಟು ಜಾಸ್ತಿ ಬಿಡಿ. ದುಡ್ಡಿನ ಯೋಚನೆ ಬೇಡ" ಎಂದರು.

"ದುಡ್ಡಿನದಲ್ಲ ಸಾರ್. ಡಾಕ್ಟ್ರು ಒಂದೇ ಲೀಟರ್ ಬರೆದಿದ್ದಾರೆ. ಎಂಬತ್ತೆಂಟರ ಕೆಳಗೆ ಇಳಿದ್ರೆ ಫೋನ್ ಮಾಡ್ತೀನಿ. ಅಜ್ಜಿ ಆರಾಮಾಗಿ ಮಾತಾಡ್ತಿದ್ದಾರಲ್ಲ, ನೋಡಿ" ಎಂದಳು ದಾದಿ.

ಮಗನಿಗೆ ಅದು ಮೊಂಡುತನವೆನಿಸಿತು. ಬೆಳಗ್ಗೆ ವೈದ್ಯರ ಮುಂದೆ ದೂರನ್ನೂ ಹೇಳಿದರು. ವೈದ್ಯರು ಕೇಸ್‌ಶೀಟನ್ನು ತಿರುಗಿಸಿ, ರಾತ್ರಿ ಗಂಟೆಗಂಟೆಗೆ ಬರೆದ ಅಂಕೆಗಳನ್ನು ತೋರಿಸಿ, "ಆ ಹುಡುಗಿ ಮಾಡಿದ್ದು ಸರಿ" ಎಂದಷ್ಟೇ ಹೇಳಿದರು. ಐದನೆಯ ದಿನ ತಾಯಿ ಮನೆಗೆ ಬಂದರು. ಟ್ರಸ್ಟಿನ ಯಂತ್ರವೂ ಮನೆಗೆ ಬಂದಿತು.

ಒಂದು ವಾರದ ನಂತರ ಮಾಗಡಿಯಿಂದ ತಾಯಿಯ ತಮ್ಮ ಬಂದರು. ಅಕ್ಕನ ಏದುಸಿರು ನೋಡಲಾಗಲಿಲ್ಲ. ಯಂತ್ರದ ಗುಂಡಿಯನ್ನು ಒಂದರಿಂದ ನಾಲ್ಕಕ್ಕೆ ತಿರುಗಿಸಿದರು. ಅಂಕೆ 98ಕ್ಕೆ ಏರಿತು. ಮುಖವೂ ಕೆಂಪಗೆ ಕಳೆಯಾಗಿ ಕಂಡಿತು. ಮಧ್ಯಾಹ್ನ ಆಕೆ ಮಲಗಿದರು. ಬಹಳ ದಿನಗಳ ಮೇಲೆ ಒಳ್ಳೆಯ ನಿದ್ರೆ ಬಂತೆಂದು ಮನೆಯವರೆಲ್ಲ ಸಮಾಧಾನಪಟ್ಟರು. ಐವತ್ತು ವರ್ಷದಿಂದ ಸೂರ್ಯಾಸ್ತದ ಮೊದಲಿನ ಊಟವನ್ನು ಒಂದು ದಿನವೂ ತಪ್ಪಿಸದ ಜೀವ ಅದು. ಸೊಸೆ ತಟ್ಟೆ ಹಿಡಿದು ಎಬ್ಬಿಸಿದಾಗ, "ತಲೆ ನೋಯ್ತಿದೆ" ಎಂದು ತೊದಲಿ ಮತ್ತೆ ಕಣ್ಣು ಮುಚ್ಚಿದರು. ಹೊತ್ತು ಮುಳುಗುತ್ತಿದೆಯೆಂದರೂ ಆಕೆಗೆ ಅರಿವಾಗಲಿಲ್ಲ. ಇದು ನಿದ್ರೆಯಲ್ಲವೆಂದು ಮೊದಲು ತಿಳಿದವಳು ಆ ಸೊಸೆಯೇ. ವೈದ್ಯರಿಗೆ ಫೋನು ಹೋಯಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆ ಮಾಡಿದಾಗ ಇಂಗಾಲದ ಡೈಆಕ್ಸೈಡು ಮಿತಿಮೀರಿ ಏರಿರುವುದು ತಿಳಿಯಿತು. ಮುಖಕ್ಕೆ ಬಿಗಿಯಾದ ಮಾಸ್ಕು ಕಟ್ಟಿ, ಉಸಿರಾಟಕ್ಕೆ ಯಂತ್ರದ ನೆರವು ಕೊಟ್ಟು, ಎರಡು ದಿನದ ನಂತರ ಆಕೆಯನ್ನು ಉಳಿಸಿಕೊಂಡರು. ತಮ್ಮನ ಪ್ರೀತಿಯಲ್ಲಿ ಲೇಶವೂ ಕೊರತೆಯಿರಲಿಲ್ಲ. ಕೊರತೆಯಿದ್ದದ್ದು ಯಂತ್ರದ ಪಕ್ಕದಲ್ಲಿ ಇರಬೇಕಾಗಿದ್ದ ಒಂದು ಚೀಟಿಯದು.

ಹೀಗೇಕೆ ಆಗುತ್ತದೆ? ಶ್ವಾಸಕೋಶದ ಕೆಲಸ ಎರಡು: ಆಮ್ಲಜನಕವನ್ನು ಒಳಗೆ ತೆಗೆದುಕೊಳ್ಳುವುದು ಮತ್ತು ಇಂಗಾಲದ ಡೈಆಕ್ಸೈಡನ್ನು ಹೊರಗೆ ಹಾಕುವುದು. ಬೆರಳಿನ ಯಂತ್ರವು ಮೊದಲನೆಯದನ್ನು ಮಾತ್ರ ತೋರಿಸುತ್ತದೆ. ಹಳೆಯ ಶ್ವಾಸರೋಗಿಯ ಶರೀರವು ಹಾಳಾದ ಭಾಗಗಳಿಗೆ ರಕ್ತವನ್ನು ಕಡಿಮೆ ಹರಿಸಿ, ಚೆನ್ನಾಗಿರುವ ಭಾಗಗಳಿಗೆ ಹೆಚ್ಚು ಹರಿಸುತ್ತ ಒಂದು ಹೊಂದಾಣಿಕೆ ಮಾಡಿಕೊಂಡಿರುತ್ತದೆ. ಆಮ್ಲಜನಕ ವಿಪರೀತವಾಗಿ ಬಂದೊಡನೆ ಆ ಹೊಂದಾಣಿಕೆ ಕೆಡುತ್ತದೆ. ರಕ್ತಕ್ಕೆ ಇಂಗಾಲದ ಡೈಆಕ್ಸೈಡನ್ನು ಹೊರುವ ಶಕ್ತಿಯೂ ತಗ್ಗುತ್ತದೆ. ಕೆಲವರಲ್ಲಿ ಉಸಿರಾಡಬೇಕೆಂಬ ಪ್ರೇರಣೆಯೂ ಕುಂದುತ್ತದೆ. ಹೊರಹೋಗಬೇಕಾದ ಅನಿಲ ಒಳಗೇ ನಿಂತು ಮೊದಲು ತಲೆನೋವು, ಅನಂತರ ಮಂಪರು, ಕಡೆಗೆ ಪ್ರಜ್ಞಾಹೀನತೆ ಬರುತ್ತದೆ. ಅಂಕೆ ಮಾತ್ರ 98 ಎಂದೇ ತೋರಿಸುತ್ತಿರುತ್ತದೆ! ಜಮೆಯ ಪುಟವನ್ನು ಮಾತ್ರ ನೋಡಿ ಖರ್ಚಿನ ಪುಟವನ್ನು ತೆರೆಯದ ವ್ಯಾಪಾರಿಯ ಸ್ಥಿತಿಯಿದು.

ಇದು ಊಹೆಯ ಮಾತಲ್ಲ. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಆಂಬುಲೆನ್ಸಿನಲ್ಲಿ ಬಂದ 405 ಶ್ವಾಸರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ವಾಡಿಕೆಯಂತೆ ಹೆಚ್ಚಿನ ಆಮ್ಲಜನಕ. ಇನ್ನೊಂದಕ್ಕೆ ಶೇಕಡಾ 88ರಿಂದ 92ರೊಳಗೆ ನಿಲ್ಲುವಷ್ಟೇ. ಮೊದಲ ಗುಂಪಿನಲ್ಲಿ ಶೇಕಡಾ 9 ಮಂದಿ, ಎರಡನೆಯದರಲ್ಲಿ ಶೇಕಡಾ 4 ಮಂದಿ ತೀರಿಕೊಂಡರು. ಇದಕ್ಕೂ ಬಹಳ ಹಿಂದೆ, 1940-50ರ ದಶಕಗಳಲ್ಲಿ, ತಿಂಗಳು ತುಂಬದೆ ಹುಟ್ಟಿದ ಶಿಶುಗಳಿಗೆ ಧಾರಾಳವಾಗಿ ಆಮ್ಲಜನಕ ಕೊಟ್ಟ ಮುಂದುವರಿದ ದೇಶಗಳಲ್ಲಿ ಸಾವಿರಾರು ಮಕ್ಕಳು ದೃಷ್ಟಿ ಕಳೆದುಕೊಂಡರು. ಮೆಲ್ಬೋರ್ನಿನ ವೈದ್ಯೆ ಕೇಟ್ ಕ್ಯಾಂಪ್‌ಬೆಲ್ 1951ರಲ್ಲಿ ಅದರ ಕಾರಣದ ಕಡೆಗೆ ಬೆರಳು ತೋರಿದರು. ಕರ್ನಾಟಕದಲ್ಲಿಯೂ ಜಿಲ್ಲೆಗಳ ನವಜಾತ ಶಿಶು ಘಟಕಗಳು ಹೆಚ್ಚಿದಂತೆ ಈ ಅಂಧತ್ವದ ಭಯ ಬಂದಿತು. ಬೆಂಗಳೂರಿನ ನಾರಾಯಣ ನೇತ್ರಾಲಯವು 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಯೋಜನೆಯಲ್ಲಿ, ತರಬೇತಿ ಪಡೆದ ಸಿಬ್ಬಂದಿ ಊರೂರಿಗೆ ಹೋಗಿ ಶಿಶುಗಳ ಕಣ್ಣಿನ ಚಿತ್ರ ತೆಗೆದು ತಜ್ಞರಿಗೆ ಕಳುಹಿಸುವ ವ್ಯವಸ್ಥೆ ಏರ್ಪಟ್ಟದ್ದು ಈ ಕಾರಣಕ್ಕೇ.

ಹಾಗೆಂದು ಆಮ್ಲಜನಕಕ್ಕೆ ಅಂಜಿ ಹಿಂಜರಿಯುವುದೂ ಅಷ್ಟೇ ದೊಡ್ಡ ಪ್ರಮಾದ. ಎಲ್ಲ ರೋಗಿಗಳಿಗೂ 88ರಿಂದ 92 ಎಂಬ ಗುರಿಯಿಲ್ಲ. ನ್ಯುಮೋನಿಯಾದಂಥ ಹೆಚ್ಚಿನ ತೀವ್ರ ರೋಗಗಳಲ್ಲಿ 94ರಿಂದ 98 ಎಂಬುದು ಬ್ರಿಟಿಷ್ ವಕ್ಷರೋಗ ಸಂಘವು 2008ರಿಂದಲೂ ಹೇಳುತ್ತ ಬಂದಿರುವ ಗುರಿ. ಯಾರಿಗೆ ಯಾವುದೆಂದು ತೀರ್ಮಾನಿಸುವವರು ವೈದ್ಯರು. ರೋಗಿ ಹಠಾತ್ತನೆ ನೀಲಿಗಟ್ಟಿ ಒದ್ದಾಡುತ್ತಿದ್ದರೆ ದಾದಿಯು ಆದೇಶಕ್ಕೆ ಕಾದು ನಿಲ್ಲಬಾರದು. ಮೊದಲು ಆಮ್ಲಜನಕ ಕೊಟ್ಟು, ಆ ಕ್ಷಣವೇ ವೈದ್ಯರನ್ನು ಕರೆಯಬೇಕು. ಇನ್ನು, ರಕ್ತದ ಆಮ್ಲಜನಕ ಸದಾ ತೀರ ಕಡಿಮೆಯಿರುವ ಹಳೆಯ ರೋಗಿಗೆ ವೈದ್ಯರು ದಿನಕ್ಕೆ 15 ಗಂಟೆಯಾದರೂ ಎಂದು ಬರೆದರೆ, ಆಯಾಸವಾದಾಗ ಹತ್ತು ನಿಮಿಷ ಹಾಕಿಕೊಂಡು ತೆಗೆದಿಡುವುದರಿಂದ ಪ್ರಯೋಜನವಿಲ್ಲ. ಇಂಥವರ ಆಯುಸ್ಸು ದೀರ್ಘಕಾಲದ ಆಮ್ಲಜನಕದಿಂದ ಹೆಚ್ಚುವುದೆಂದು 1980 ಮತ್ತು 1981ರಲ್ಲಿ ಪ್ರಕಟವಾದ ಅಮೆರಿಕ ಹಾಗೂ ಬ್ರಿಟನ್ನಿನ ಪರೀಕ್ಷೆಗಳು ತೋರಿಸಿವೆ. ಕರೆಂಟಿನ ಬಿಲ್ಲಿಗೆ ಅಂಜಿ ಗಂಟೆಗಳನ್ನು ಕಡಿತಗೊಳಿಸುವುದು ಔಷಧವನ್ನು ಅರ್ಧಕ್ಕೆ ನಿಲ್ಲಿಸಿದಂತೆಯೇ.

ಕೊರತೆ ಎಂಥ ಅನರ್ಥ ತರುತ್ತದೆಂಬುದನ್ನು ಕನ್ನಡ ನಾಡು ಕಣ್ಣಾರೆ ಕಂಡಿದೆ. 2021ರ ಮೇ 2 ಮತ್ತು 3ರ ನಡುವೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ಮಂದಿ ರೋಗಿಗಳು ಮೃತರಾದರು. ಉಚ್ಚ ನ್ಯಾಯಾಲಯದ ನಿರ್ದೇಶನದಂತೆ ನಿವೃತ್ತ ನ್ಯಾಯಮೂರ್ತಿ ಎ. ಎನ್. ವೇಣುಗೋಪಾಲಗೌಡರ ನೇತೃತ್ವದಲ್ಲಿ ರಚಿತವಾದ ಸಮಿತಿಯ ವರದಿಯು ಆಮ್ಲಜನಕದ ಅಭಾವವನ್ನು ಎತ್ತಿ ತೋರಿಸಿತು. ವೈದ್ಯರ ಆದೇಶ ಕೇಸ್‌ಶೀಟಿನಲ್ಲಿ ಎಷ್ಟೇ ಸರಿಯಾಗಿದ್ದರೂ ಸಿಲಿಂಡರು ಬರಿದಾದ ಮೇಲೆ ಅದು ಬರಿಯ ಅಕ್ಷರ. ಆದುದರಿಂದ ಆದೇಶ ಪಾಲನೆಯೆಂಬುದು ಗುಂಡಿ ತಿರುಗಿಸುವುದರಿಂದಲ್ಲ, ದಾಸ್ತಾನಿನ ಲೆಕ್ಕದಿಂದ ಆರಂಭವಾಗುತ್ತದೆ.

ಈ ಲೆಕ್ಕ ವ್ಯಾಪಾರಸ್ಥರ ಮನೆತನಗಳಿಗೆ ಕಷ್ಟದ್ದಲ್ಲ. ಆಸ್ಪತ್ರೆಗಳಲ್ಲಿ ಬಳಸುವ ದೊಡ್ಡ ಡಿ ಮಾದರಿಯ ಸಿಲಿಂಡರಿನಲ್ಲಿ ಸುಮಾರು 7 ಘನ ಮೀಟರ್, ಎಂದರೆ 7000 ಲೀಟರ್ ಅನಿಲವಿರುತ್ತದೆ. ನಿಮಿಷಕ್ಕೆ 2 ಲೀಟರಿನಂತೆ ಅದು 58 ಗಂಟೆ ಬರುತ್ತದೆ. 5 ಲೀಟರಾದರೆ 23 ಗಂಟೆ. 10 ಲೀಟರಾದರೆ 12 ಗಂಟೆಯೂ ಬರುವುದಿಲ್ಲ. ಸಾಗಿಸಲು ಅನುಕೂಲವಾದ ಬಿ ಮಾದರಿಯದರಲ್ಲಿ ಸುಮಾರು 1500 ಲೀಟರ್. ನಿಮಿಷಕ್ಕೆ 5 ಲೀಟರಿನಂತೆ 5 ಗಂಟೆ ಮಾತ್ರ. ಮಾಪಕದ ಮುಳ್ಳು ಅರ್ಧಕ್ಕೆ ಬಂದರೆ ಅನಿಲವೂ ಅರ್ಧವಾಗಿದೆಯೆಂದು ತಿಳಿಯಬೇಕು. ಕನಕಪುರದಿಂದಾಗಲಿ ಮಾಗಡಿಯಿಂದಾಗಲಿ ರೋಗಿಯನ್ನು ಬೆಂಗಳೂರಿಗೆ ಕರೆದೊಯ್ಯುವಾಗ ಹಾದಿಯ ಹೊತ್ತಿಗೆ ದಟ್ಟಣೆಯ ಹೊತ್ತನ್ನೂ ಕೂಡಿಸಿ, ಅದರ ಎರಡರಷ್ಟು ಅನಿಲವಿದೆಯೇ ಎಂದು ನೋಡಿ ಹೊರಡುವುದು ಕ್ಷೇಮ. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರದ ಬೆಲೆ ಪ್ರಾಧಿಕಾರವು ಸಿಲಿಂಡರಿನ ವೈದ್ಯಕೀಯ ಆಮ್ಲಜನಕಕ್ಕೆ ಘನ ಮೀಟರಿಗೆ 25 ರೂಪಾಯಿ 71 ಪೈಸೆಯ ಮಿತಿಯನ್ನು, ತೆರಿಗೆ ಬಿಟ್ಟು, ವಿಧಿಸಿತ್ತು. ಆ ದರದಲ್ಲಿ ಒಂದು ದೊಡ್ಡ ಸಿಲಿಂಡರಿನ ಅನಿಲಕ್ಕೆ 180 ರೂಪಾಯಿ. ಇಷ್ಟು ಅಗ್ಗದ ವಸ್ತುವಿನ ಒಂದು ಹೆಚ್ಚಿನ ಸಿಲಿಂಡರು ಮೂಲೆಯಲ್ಲಿ ಸಿದ್ಧವಿಲ್ಲವೆಂಬ ಕಾರಣಕ್ಕೆ ಪ್ರಾಣ ಹೋಗುವುದಾದರೆ ಅದಕ್ಕೆ ಸಮಾಧಾನ ಹೇಳಲಾಗದು.

ವೈದ್ಯರ ಆದೇಶ ಹೇಗಿರಬೇಕೆಂಬುದನ್ನು ರೋಗಿಯ ಕಡೆಯವರೂ ತಿಳಿದಿರುವುದು ಒಳ್ಳೆಯದು. ಯಾವ ಸಾಧನದಿಂದ, ನಿಮಿಷಕ್ಕೆ ಎಷ್ಟು ಲೀಟರ್, ಗುರಿಯ ಅಂಕೆ ಯಾವುದರಿಂದ ಯಾವುದರವರೆಗೆ, ದಿನಕ್ಕೆ ಎಷ್ಟು ಗಂಟೆ, ನಿದ್ರೆಯಲ್ಲಿ ಎಷ್ಟು, ನಡೆದಾಡುವಾಗ ಎಷ್ಟು, ಎಷ್ಟು ಹೊತ್ತಿಗೊಮ್ಮೆ ನೋಡಿ ಬರೆಯಬೇಕು, ಯಾವಾಗ ವೈದ್ಯರನ್ನು ಕರೆಯಬೇಕು, ಯಾವಾಗ ನಿಲ್ಲಿಸಬೇಕು ಎಂಬಿವೆಲ್ಲ ಅದರಲ್ಲಿರಬೇಕು. ಸಾಧನವನ್ನು ಬದಲಿಸುವುದೂ ಆದೇಶವನ್ನು ಬದಲಿಸಿದಂತೆಯೇ. ಮುಖದ ಸಾಧಾರಣ ಮಾಸ್ಕಿಗೆ ನಿಮಿಷಕ್ಕೆ 5 ಲೀಟರಾದರೂ ಹರಿಯಬೇಕು. ಕಡಿಮೆ ಹರಿದರೆ ಬಿಟ್ಟ ಉಸಿರನ್ನೇ ರೋಗಿ ಮತ್ತೆ ಎಳೆದುಕೊಳ್ಳುತ್ತಾನೆ. ಮೂಗಿನ ಕೊಳವೆಗೆ ಬರೆದ ಒಂದೆರಡು ಲೀಟರನ್ನು ಮಾಸ್ಕಿಗೆ ಜೋಡಿಸುವುದು ಆದುದರಿಂದ ಸಲ್ಲದು. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣವಿದ್ದರೆ ಅಂಕೆ ತಪ್ಪಾಗಬಹುದು. ಅಂಕೆಯ ಜೊತೆಗೆ ರೋಗಿಯ ಮಾತು, ಎಚ್ಚರ, ಉಸಿರಿನ ಓಟ ಇವನ್ನೂ ನೋಡಬೇಕು. ಆ ಸೊಸೆ ನೋಡಿದ್ದು ಇವನ್ನೇ.

ಜೈನ ಗೃಹಗಳಲ್ಲಿ ವಿಶೇಷವಾಗಿ ಗಮನಿಸತಕ್ಕವು ಎರಡುಂಟು. ಮೊದಲನೆಯದು ಬೆಂಕಿ. ರೋಗಿಯ ತಲೆಯ ಬಳಿ ತುಪ್ಪದ ದೀಪ ಹಚ್ಚಿ, ಧೂಪವಿಟ್ಟು ಣಮೋಕಾರ ಮಂತ್ರ ಪಠಿಸುವುದು ಭಕ್ತಿಯ ಪದ್ಧತಿ. ಆಮ್ಲಜನಕ ತಾನಾಗಿ ಉರಿಯುವುದಿಲ್ಲ. ಆದರೆ ಅದು ನೆನೆದ ಬಟ್ಟೆ, ಕೂದಲು, ಹಾಸಿಗೆ ಒಂದು ಕಿಡಿಗೆ ಭಗ್ಗನೆ ಹೊತ್ತಿಕೊಳ್ಳುತ್ತವೆ. ದೀಪ ದೇವರ ಕೋಣೆಯಲ್ಲಿರಲಿ, ಮಂತ್ರ ಮಾತ್ರ ಹಾಸಿಗೆಯ ಬಳಿ ಬರಲಿ. ಸಿಲಿಂಡರಿನ ಬಾಯಿಗೆ ಎಣ್ಣೆ, ಗ್ರೀಸು, ಒಣಗಿದ ಮೂಗು-ತುಟಿಗಳಿಗೆ ವ್ಯಾಸಲೀನು ಸವರುವುದನ್ನೂ ಬಿಡಬೇಕು. ಎರಡನೆಯದು ನೀರು. ಸೋಸಿದ ನೀರಿಗೂ ಕಾಯಿಸಿದ ನೀರಿಗೂ ಇಷ್ಟೇ ಹೊತ್ತೆಂಬ ಮರ್ಯಾದೆಯನ್ನು ಪಾಲಿಸುವ ಮನೆಗಳಲ್ಲಿಯೇ ಯಂತ್ರದ ಸೀಸೆಯ ನೀರು ವಾರಗಟ್ಟಲೆ ಬದಲಾಗದಿರುವುದುಂಟು. ಆ ಸೀಸೆಗೆ ಡಿಸ್ಟಿಲ್ಡ್ ನೀರು, ಅದು ಸಿಗದಿದ್ದರೆ ಕಾಯಿಸಿ ಆರಿಸಿದ ನೀರು ಹಾಕಿ, ದಿನಕ್ಕೊಮ್ಮೆ ಚೆಲ್ಲಿ ತೊಳೆದು ತುಂಬಬೇಕು. ನಿಂತ ನೀರಿನಲ್ಲಿ ಹುಟ್ಟುವ ಸೂಕ್ಷ್ಮಜೀವಿಗಳು ನೇರವಾಗಿ ಶ್ವಾಸಕೋಶಕ್ಕೆ ಹೋಗುತ್ತವೆ.

ಯಂತ್ರಗಳನ್ನು ಎರವಲು ಕೊಡುವ ಟ್ರಸ್ಟುಗಳು ಕೆಲವು ನಿಯಮಗಳನ್ನು ಮಾಡಿಕೊಳ್ಳುವುದು ಉಚಿತ. ವೈದ್ಯರ ಚೀಟಿಯಿಲ್ಲದೆ ಯಂತ್ರ ಹೊರಡಬಾರದು. ಚೀಟಿಯ ಪ್ರತಿಯನ್ನು ಯಂತ್ರದ ಮೇಲೆಯೇ ಅಂಟಿಸಿ, ಲೀಟರಿನ ಅಂಕೆಯನ್ನು ಕನ್ನಡದಲ್ಲಿ ದಪ್ಪಗೆ ಬರೆಯಬೇಕು. ಶೋಧಕ ಜಾಲರಿ ಸ್ವಚ್ಛವಿದೆಯೇ, ಹೊರಬರುವ ಅನಿಲದಲ್ಲಿ ಆಮ್ಲಜನಕದ ಪ್ರಮಾಣ ಸರಿಯಾಗಿದೆಯೇ ಎಂದು ಕಾಲಕಾಲಕ್ಕೆ ಪರೀಕ್ಷೆ ಮಾಡಿಸಿ ವಹಿಯಲ್ಲಿ ಬರೆದಿಡಬೇಕು. ಒಳ್ಳೆಯ ಯಂತ್ರ ಸುಮಾರು ಶೇಕಡಾ 93ರಷ್ಟು ಶುದ್ಧ ಆಮ್ಲಜನಕ ಕೊಡುತ್ತದೆ. ಹಳತಾದರೆ ಸದ್ದು ಅದೇ ಇದ್ದು ಸತ್ತ್ವ ಕುಂದಿರುತ್ತದೆ. ಕರೆಂಟು ಹೋಗುವ ಊರುಗಳಿಗೆ ಯಂತ್ರದೊಡನೆ ಒಂದು ಸಣ್ಣ ಸಿಲಿಂಡರೂ ಹೋಗಬೇಕು. ಕೊಳವೆಯನ್ನು ಒಬ್ಬರು ಬಳಸಿದ್ದನ್ನು ಇನ್ನೊಬ್ಬರಿಗೆ ಕೊಡಲಾಗದು. ದಾನಿಗಳ ಹೆಸರಿನ ಫಲಕಕ್ಕೆ ಆಗುವ ಖರ್ಚಿನಲ್ಲಿ ಇವೆಲ್ಲ ಸಾಗುತ್ತವೆ.

ಕಡೆಯದಾಗಿ ಒಂದು ಸೂಕ್ಷ್ಮ ವಿಚಾರ. ವೃದ್ಧರ ಅಂತ್ಯಕಾಲದಲ್ಲಿ ಕೆಲವು ಮನೆಗಳಲ್ಲಿ ಸಲ್ಲೇಖನದ ಹೆಸರೆತ್ತಿ ಆಮ್ಲಜನಕ ತೆಗೆಸುವ ಮಾತು ಬರುತ್ತದೆ. ಸಲ್ಲೇಖನವು ವ್ರತ. ವ್ರತವನ್ನು ಸ್ವೀಕರಿಸುವವನು ಪೂರ್ಣ ಎಚ್ಚರದಲ್ಲಿ, ಗುರುಸಾಕ್ಷಿಯಾಗಿ, ಸ್ವಂತ ಇಚ್ಛೆಯಿಂದ ಸ್ವೀಕರಿಸಬೇಕು. ಪ್ರಜ್ಞೆ ತಪ್ಪಿದ ತಾಯಿಯ ಪರವಾಗಿ ಮಕ್ಕಳು ಸ್ವೀಕರಿಸುವ ವ್ರತ ಯಾವುದೂ ಇಲ್ಲ. ಚಿಕಿತ್ಸೆಯಿಂದ ಪ್ರಯೋಜನವಿಲ್ಲದ ಸ್ಥಿತಿಯಲ್ಲಿ ಅದನ್ನು ಹಿಂತೆಗೆಯುವುದಕ್ಕೆ ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಕ್ರಮವನ್ನು ವಿಧಿಸಿ, 2023ರಲ್ಲಿ ಸರಳಗೊಳಿಸಿದೆ. ಅದರಂತೆ ವೈದ್ಯರ ಮಂಡಲಿಗಳು ನಿರ್ಣಯಿಸಬೇಕು, ಮನೆಯವರ ಸಮ್ಮತಿಯಿರಬೇಕು, ಎಲ್ಲವೂ ಬರಹದಲ್ಲಿರಬೇಕು. ಎಚ್ಚರವಿದ್ದಾಗಲೇ ತಮ್ಮ ಇಚ್ಛೆಯನ್ನು ಬರೆದಿಡುವುದಕ್ಕೂ ಅಲ್ಲಿ ಅವಕಾಶವಿದೆ. ರಾತ್ರಿ ಬಂಧುವೊಬ್ಬರು ಕೊಳವೆ ಕಿತ್ತಿಡುವುದಕ್ಕೆ ಧರ್ಮದ ಬೆಂಬಲವೂ ಇಲ್ಲ, ಕಾನೂನಿನ ಬೆಂಬಲವೂ ಇಲ್ಲ.

ಆರು ಅಂತರಂಗ ತಪಸ್ಸುಗಳಲ್ಲಿ ರೋಗಿಗಳ ಶುಶ್ರೂಷೆ ಸೇರಿದ ವೈಯಾವೃತ್ಯವೂ ಒಂದು. ಉಪವಾಸ ಮಾಡುವವನು ಎಷ್ಟು ಹೊತ್ತಿಗೆ, ಎಷ್ಟು, ಹೇಗೆ ಎಂಬ ನಿಯಮವನ್ನು ಮೀರುವುದಿಲ್ಲ. ಶುಶ್ರೂಷೆಯ ತಪಸ್ಸಿನಲ್ಲಿಯೂ ಅದೇ ನಿಯಮನಿಷ್ಠೆ ಬೇಕು. ಪ್ರೀತಿಯಿಂದ ಕೈ ಗುಂಡಿಯ ಕಡೆಗೆ ಚಾಚಿದಾಗ ಒಂದು ಕ್ಷಣ ತಡೆದು ಚೀಟಿ ನೋಡುವುದು, ಚೀಟಿಯಲ್ಲಿಲ್ಲದ್ದನ್ನು ವೈದ್ಯರಿಗೆ ಫೋನು ಮಾಡಿ ಕೇಳುವುದು, ಕೇಳಿದ್ದನ್ನು ಹೊತ್ತು ಹಾಕಿ ಬರೆದಿಡುವುದು ಇಷ್ಟನ್ನು ಪ್ರತಿ ಮನೆಯೂ ಪ್ರತಿ ಟ್ರಸ್ಟೂ ರೂಢಿಸಿಕೊಂಡರೆ ಸಾಕು. ನಿಯಮವನ್ನು ಕಾಪಾಡಿ ಆ ರಾತ್ರಿ ಗಂಟೆಗಂಟೆಗೆ ಅಂಕೆ ಬರೆದ ದಾದಿಯಂಥವರಿಗೆ ದೂರಿನ ಬದಲು ಒಂದು ನಮಸ್ಕಾರ ಸಲ್ಲಲಿ.